ಅಬುಧಾಬಿಗೆ ಬಂದ ಗ್ರೈಂಡರ್

ಎಕ್ಸ್‌ರೇ ಪರದೆಯಲ್ಲಿ ಮೂಡಿದ ಕಪ್ಪು ಗುಂಡನ್ನು ಕಂಡೊಡನೆ ಅಬುಧಾಬಿ ವಿಮಾನನಿಲ್ದಾಣದ ಕಸ್ಟಮ್ಸ್ ತರುಣ ಬೆಲ್ಟನ್ನು ನಿಲ್ಲಿಸಿಬಿಟ್ಟ. "ಇದೇನು, ಮನೆ ಕಟ್ಟಲು ಕಲ್ಲು ತಂದೆಯಾ? ಮಾಫಿ, ಇಲ್ಲವೇ ಇಲ್ಲ! ಇದು ಹೊರಗೆ ಹೋಗುವ ಹಾಗಿಲ್ಲ," ಎಂದು ಹಿಂದಿಯಲ್ಲಿ ಗದರಿದ. ಆಗತಾನೆ ಊರಿನಿಂದ ಬಂದಿಳಿದಿದ್ದ ಸೌದಾ ಬೆಲ್ಟಿನ ಬಳಿಗೆ ಓಡಿದಳು. "ಗ್ರೈಂಡರ್ ಇಲ್ಲಿಯೂ ಸಿಗ್ತದೆ ಮಾರಾಯ್ತಿ, ಹೊತ್ಕೊಂಡು ಬರ್ಬೇಡ," ಎಂದು ಗಂಡ ಫೈಝಲ್ ಫೋನಿನಲ್ಲಿ ಅಂಗಲಾಚಿದ್ದ. ಹೊಸ ಸಂಸಾರಕ್ಕೆಂದು ಮಂಗಳೂರಿನ ಅಂಗಡಿಯಲ್ಲಿ ತಟ್ಟಿ ತಟ್ಟಿ ಆರಿಸಿದ ಕಲ್ಲನ್ನು ಬಿಟ್ಟು ಬರಲು ಅವಳಿಗೆ ಮನಸ್ಸಾಗಿರಲಿಲ್ಲ.

ಬಿಳಿಗಡ್ಡದ ಹಿರಿಯ ಅಧಿಕಾರಿಯೊಬ್ಬ ಬಂದು ಪೆಟ್ಟಿಗೆ ಬಿಚ್ಚಿಸಿದ. "ಚಲಾಕರ್ ದಿಖಾವೋ, ಬೇಟಿ." ಊರಿನ ಪ್ಲಗ್ಗು ಇಲ್ಲಿನ ಸಾಕೆಟ್ಟಿನಲ್ಲಿ ಕೂರಲಿಲ್ಲ, ಯಾರೋ ಅಡಾಪ್ಟರ್ ಹುಡುಕಿ ತಂದರು. ಸೌದಾ ಬಿಸ್ಮಿಲ್ಲಾ ಎಂದು ಸ್ವಿಚ್ಚನ್ನು ಒತ್ತಿದಳು. ಕಲ್ಲು ಗರಗರನೆ ತಿರುಗತೊಡಗಿತು.

ಹಿರಿಯನ ಮುಖ ಬದಲಾಯಿತು. ಯಂತ್ರವನ್ನು ನಿಲ್ಲಿಸಲು ಹೇಳಿ ಕಲ್ಲಿನ ಮೇಲೆ ಅಂಗೈಯಿಟ್ಟ. "ನನ್ನ ಅಜ್ಜಿಯ ಬಳಿಯೂ ಕಲ್ಲಿತ್ತು. ಗೋಧಿ ಬೀಸುತ್ತಿದ್ದಳು," ಎಂದ. ಬಳಿಕ ಕಾಣದ ಗೂಟವೊಂದನ್ನು ಹಿಡಿದವನಂತೆ ಮುಷ್ಟಿ ಕಟ್ಟಿ, ಗಾಳಿಯಲ್ಲಿ ಮೆಲ್ಲನೆ ಸುತ್ತಿಸುತ್ತ, ಯಾವುದೋ ಹಳೆಯ ಹಾಡನ್ನು ಗುನುಗಿದ. ಹಿಂದಿನ ಸಾಲಿನಲ್ಲಿ ಒಬ್ಬರೂ 'ಯಲ್ಲಾ, ಬೇಗ' ಎನ್ನಲಿಲ್ಲ.

ಹಾಡಿನ ಒಂದು ಪದವೂ ಸೌದಾಳಿಗೆ ತಿಳಿಯದು. ಆದರೆ ಪ್ರತಿ ಸುತ್ತು ಪೂರ್ತಿಯಾಗುವಲ್ಲಿ ಅವನ ಉಸಿರು ತುಸು ನಿಂತು ಮತ್ತೆ ಹೊರಡುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕೂತ ಅವಳ ಹೆತ್ತ ಉಮ್ಮನ ಉಸಿರೂ ಅಲ್ಲಿಯೇ ನಿಲ್ಲುತ್ತಿತ್ತಲ್ಲ! ಹಾಡು ಮುಗಿಸಿದ ಹಿರಿಯ ಗ್ರೈಂಡರನ್ನು ತಾನೇ ಎತ್ತಿ ಅವಳ ಟ್ರಾಲಿಯ ಮೇಲಿಟ್ಟ.