ನೀಲಗಂಗಮ್ಮನ ಸಿಂಗಾಪುರದ ಖಾತೆ

"ಇದು ಮೋಸದ ಮೆಸೇಜ್ ಅಲ್ರಿ ಅಕ್ಕಾರ, ಖರೇನ ಐತಿ," ಎನ್ನುತ್ತ ಸುಕನ್ಯಾ ಕಂಪ್ಯೂಟರಿನ ಪರದೆಯನ್ನು ನೀಲಗಂಗಮ್ಮನ ಕಡೆ ತಿರುಗಿಸಿದಳು. "ಸಿಂಗಾಪುರದ ಬ್ಯಾಂಕಿನ್ಯಾಗ ನಿಮ್ಮ ಹೆಸರಿಗೆ ಖಾತೆ ಐತಿ. ಎಪ್ಪತ್ತೆರಡು ಲಕ್ಷ ರೂಪಾಯಿ."

ಕೊಟ್ಟೂರಿನ ಬಸ್ ನಿಲ್ದಾಣದ ಎದುರು, ಗೊಬ್ಬರದಂಗಡಿಯ ಮಾಳಿಗೆ ಮೇಲೆ ಕೂತು ಸುಕನ್ಯಾ ಊರ ವ್ಯಾಪಾರಸ್ಥರ ತೆರಿಗೆ ಕೆಲಸ ಮಾಡಿಕೊಡುತ್ತಿದ್ದಳು. ನೀಲಗಂಗಮ್ಮನ ಗಂಡ ಏಕಾಂತಪ್ಪ ಮೆಕ್ಕೆಜೋಳದ ವ್ಯಾಪಾರವನ್ನು ಹೆಂಡತಿಯ ಹೆಸರಿನಲ್ಲಿ ನಡೆಸುತ್ತಿದ್ದುದರಿಂದ ಲೆಕ್ಕವೆಲ್ಲ ಅವಳ ಹೆಸರಿಗೇ. ತೆರಿಗೆ ಇಲಾಖೆಯ ಹೆಸರು ಹೇಳಿಕೊಂಡು ಯಾವನೋ ಕಳ್ಳ ಮೆಸೇಜ್ ಕಳಿಸಿದ್ದಾನೆ, ಅಳಿಸಿಕೊಡು ಎಂದು ಕೇಳಲು ಬಂದಿದ್ದ ಅವಳು ಈಗ ಕುರ್ಚಿಯಿಂದ ಅರ್ಧ ಎದ್ದು, ಪರದೆಯ ಮೇಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಅವಳಿಗಾದದ್ದು ಹೆದರಿಕೆಯಲ್ಲ. ಕೈಕಾಲು ಒಂದೆಡೆ ನಿಲ್ಲದಂಥ, ಎದ್ದು ಓಡಾಡಬೇಕೆನ್ನಿಸುವಂಥ ಹುರುಪು.

ನೆನಪಾಯಿತು. ಏಕಾಂತಪ್ಪನಿಗೆ ಅದಿರು ಸಾಗಿಸುವ ಎಂಟು ಲಾರಿಗಳಿದ್ದ ಕಾಲ. ಲಾರಿ ಮಾಲೀಕರೆಲ್ಲ ಹೆಂಡಿರನ್ನು ಕಟ್ಟಿಕೊಂಡು ಸಿಂಗಾಪುರಕ್ಕೆ ಹೋಗಿದ್ದರು. ಮೂರನೆಯ ದಿನ ಉಳಿದವರು ಸಮುದ್ರ ನೋಡಲು ಹೊರಟರೆ, ಇವನು ಇವಳೊಬ್ಬಳನ್ನೇ ಗಾಜಿನ ಕಟ್ಟಡವೊಂದಕ್ಕೆ ಕರೆದೊಯ್ದಿದ್ದ. ಹಲ್ಲು ಕಟಕಟ ಎನ್ನುವಷ್ಟು ಎಸಿ. "ಹೋಟೆಲ್ಲಿನ ಕಾಗದ" ಎಂದು ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದ್ದಳು. ಮರುವರ್ಷವೇ ಗಣಿಗಳಿಗೆ ತಡೆ ಬಿದ್ದು ಅದಿರು ನಿಂತಿತು, ಲಾರಿಗಳು ಹೋದವು. ಎಲ್ಲಾ ಮುಳುಗಿತೆಂದು ಅವನು ಹೊಸ್ತಿಲ ಮೇಲೆ ಕೂತು ಅತ್ತಾಗ, ತವರಿನಿಂದ ತಂದ ನಾಲ್ಕು ಚಿನ್ನದ ಪಾಟ್ಲಿ ಬಳೆಗಳನ್ನು ಕೈಯಿಂದ ಬಿಚ್ಚಿಕೊಟ್ಟಿದ್ದಳು. ಅಂದಿನಿಂದ ಇಂದಿನವರೆಗೆ ನಸುಕಿನಲ್ಲೆದ್ದು ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಮಾರಿದ್ದಾಳೆ. ಇಬ್ಬರು ಮಕ್ಕಳ ಫೀಸು ಆ ರೊಟ್ಟಿಯದೇ.

ಅಲ್ಲೇ ಗಂಡನಿಗೆ ಫೋನ್ ಮಾಡಿದಳು. "ಸಿಂಗಾಪುರದಾಗ ನನ್ನ ರೊಕ್ಕ ಐತಂತಲ್ರಿ?" ಆ ಕಡೆಯಿಂದ ಫೋನು ಕಟ್ಟಾಯಿತು. ಹರಪನಹಳ್ಳಿ ಮಾರುಕಟ್ಟೆಯಲ್ಲಿದ್ದ ಏಕಾಂತಪ್ಪ ಮುಕ್ಕಾಲು ತಾಸಿನೊಳಗೆ ಮೆಟ್ಟಿಲು ಹತ್ತಿ ಬಂದ. ತಲೆ, ಮೀಸೆ ಎಲ್ಲ ದಾರಿಯ ಧೂಳು.

"ಅಂಥಾದ್ದನ್ನೆಲ್ಲ ಫೋನಿನ್ಯಾಗ ಮಾತಾಡ್ತಾರೇನ ನೀಲಾ? ಯಾರರ ಕೇಳಿಸಿಕೊಂಡ್ರ?"

"ಇನ್ನ ಯಾರು ಉಳದಾರ ಕೇಳಿಸಿಕೊಳ್ಳಾಕ? ಸಿಂಗಾಪುರದವ್ರಿಗೆ ಗೊತ್ತೈತಿ, ಡೆಲ್ಲಿಯವ್ರಿಗೆ ಗೊತ್ತೈತಿ. ಗೊತ್ತಿಲ್ಲದಾಕಿ ನಾನೊಬ್ಬಾಕಿ."

ಏಕಾಂತಪ್ಪ ಸುಕನ್ಯಾಳ ಕಡೆ ತಿರುಗಿದ. "ಬ್ಯಾಂಕಿನವ್ರು ಸತ್ರೂ ಬಾಯಿ ಬಿಡಂಗಿಲ್ಲ ಅಂದಿದ್ರವ್ವ. ಅದಕ್ಕ ಅಷ್ಟು ದೂರ ಇಟ್ಟಿದ್ದು."

"ಆ ಕಾಲ ಹೋತು ಅಣ್ಣಾರ. ಈಗ ದೇಶ ದೇಶದವ್ರು ಒಪ್ಪಂದ ಮಾಡಿಕೊಂಡಾರ. ವರ್ಷಕ್ಕೊಮ್ಮೆ ಖಾತೆದಾರರ ಪಟ್ಟಿ ತಾವಾಗೇ ಕಳಸ್ತಾರ. ನನಗರ ಒಂದ್ ಮಾತು ಹೇಳಬಾರದೇನ್ರಿ ನೀವು? ಪ್ರತಿ ವರ್ಷ ವಿದೇಶದಾಗ ಏನೂ ಇಲ್ಲ ಅಂತ ನನ್ನ ಕೈಲೇ ಬರಸೀರಿ." ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. "ನಾಳಿಗೆ ಡಿಸೆಂಬರ್ ಮುಗೀತೈತಿ. ಅಷ್ಟರಾಗ ಈ ಖಾತೆ ನಂದು ಅಂತ ತೆರಿಗಿ ಲೆಕ್ಕ ತಿದ್ದಿ ಹಾಕಬೇಕು. ಇಲ್ಲಾ, ನಂದಲ್ಲ ಅಂತ ಉತ್ತರ ಕೊಡಬೇಕು."

"ನಂದಲ್ಲ ಅಂತ ಹಾಕಿಬಿಡು. ಆಮ್ಯಾಲ ಅದನ್ನ ದುಬೈಗೆ ದಾಟಸ್ತೀನಿ. ಅಲ್ಲೊಬ್ಬ ನನ್ನ ಗೆಳೆಯ ಅದಾನ."

"ದಾಟಸಾಕ ಯಾರ ಸಹಿ ಬೇಕ್ರಿ?" ನೀಲಗಂಗಮ್ಮ ಕೇಳಿದಳು.

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಿಂದ. ನಿನ್ನ ಮ್ಯಾಲೆ ನಂಬಿಕಿ ಇತ್ತಂತ ತಾನ ನಿನ್ನ ಹೆಸರಿಗೆ ಇಟ್ಟಿದ್ದು."

"ನಂಬಿಕಿ ಇದ್ದಿದ್ರ ಹೇಳ್ತಿದ್ರಿ. ಇಕಿ ಏನು ಎತ್ತ ಅಂತ ಕೇಳಾಕಿ ಅಲ್ಲ ಅಂತ ಇಟ್ರಿ. ಹೋಗ್ಲಿ ಬಿಡ್ರಿ. ನಾ ಪಾಟ್ಲಿ ಬಿಚ್ಚಿಕೊಟ್ಟ ದಿನ ಇಷ್ಟೂ ರೊಕ್ಕ ಅಲ್ಲಿತ್ತೋ, ಇಲ್ಲೋ?"

ಏಕಾಂತಪ್ಪ ಮುಖ ಒರೆಸಿಕೊಳ್ಳುತ್ತಲೇ ಇದ್ದ. ಟವೆಲ್ಲು ಮುಖದಿಂದ ಇಳಿಯಲಿಲ್ಲ.

"ನಂದು ಅಂತ ಹಾಕು ಸುಕನ್ಯಾ," ಎಂದಳು ನೀಲಗಂಗಮ್ಮ. ಮುಖ ಹಬ್ಬದ ದಿನದ ಹಾಗೆ ಅರಳಿತ್ತು.

"ಹುಚ್ಚು ಹಿಡದೈತೇನಲೇ ನಿನಗ? ತೆರಿಗಿ, ದಂಡ ಅಂತ ಕಿತ್ತುಕೊಂಡು ಹೋಗ್ತಾರ."

"ಹೋಗ್ತೈತೇನವ್ವ?" ನೀಲಗಂಗಮ್ಮ ಸುಕನ್ಯಾಳನ್ನು ಕೇಳಿದಳು.

"ಹೋಗ್ತೈತ್ರಿ ಅಕ್ಕಾರ. ಹಳೇ ವರ್ಷದ್ದಕ್ಕೂ ನೋಟೀಸ್ ಬರಬಹುದು. ಎಷ್ಟು ಉಳಿತೈತಿ ಅಂತ ನನಗ ಹೇಳಾಕ ಬರಂಗಿಲ್ಲ. ಆದ್ರ ಉಳಿದದ್ದು ನಿಮ್ಮ ಹೆಸರಿನ್ಯಾಗ ಇರ್ತೈತಿ. ಅದಕ್ಕ ಯಾರೂ ಕೈ ಹಚ್ಚಂಗಿಲ್ಲ."

"ಹಾಕು ಮತ್ತ."

ಸುಕನ್ಯಾಳ ಬೆರಳುಗಳು ಪಟಪಟ ಓಡಿದವು. ಒಂದೊಂದು ಕಾಲಂ ತುಂಬಿದಾಗಲೂ ನೀಲಗಂಗಮ್ಮ "ಇದೇನು, ಇದೇನು" ಎಂದು ಕೇಳುತ್ತ, ತಿಳಿದುಕೊಂಡ ಮೇಲೆಯೇ ಮುಂದಿನದಕ್ಕೆ ತಲೆಯಾಡಿಸಿದಳು. ಕೊನೆಗೆ ಅವಳ ಮಡಿಲಲ್ಲಿದ್ದ ಮೊಬೈಲು ಟಣ್ ಎಂದಿತು. ಒಪ್ಪಿಗೆಯ ಓಟಿಪಿ, ಆರು ಅಂಕಿಗಳು. ವರ್ಷಾ ವರ್ಷಾ ಏಕಾಂತಪ್ಪ ಇದೇ ಆಫೀಸಿನಿಂದ ಮನೆಗೆ ಫೋನ್ ಮಾಡುತ್ತಿದ್ದ. ಅವಳು ಹಿಟ್ಟಿನ ಕೈಯಲ್ಲೇ ಆ ಅಂಕಿಗಳನ್ನು ಓದಿ ಹೇಳಿ ಮತ್ತೆ ರೊಟ್ಟಿಗೆ ಕೂರುತ್ತಿದ್ದಳು. ಈಗಲೂ ಅವನು ರೂಢಿಯಂತೆ ಕೈ ಚಾಚಿದ.

"ಎಷ್ಟು ಬಂದೈತಿ? ಹೇಳು."

ನೀಲಗಂಗಮ್ಮ ಮೊಬೈಲನ್ನು ಎದೆಗವಚಿಕೊಂಡು, ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು.

"ಯಾರಿಗೂ ಹೇಳಬಾರದು ಅಂತ ಇದರಾಗ ಬರದೈತ್ರಿ," ಎಂದವಳೇ ಒಂದು ಬೆರಳಿನಿಂದ ಒಂದೊಂದೇ ಅಂಕಿ ಒತ್ತತೊಡಗಿದಳು.