ಚೂರಿಯಿಲ್ಲದ ವಜ್ರಬಾಹು

‘ವಜ್ರಬಾಹು ಬೆಚ್ಚಿಬಿದ್ದು ಕಣ್ಣು ಬಿಟ್ಟ. ಬಲೆಯೂ ಇಲ್ಲ, ಸಮುದ್ರವೂ ಇಲ್ಲ. ಆತ ತನ್ನ ಮಂಚದ ಮೇಲೆಯೇ ಇದ್ದ. ನಡೆದದ್ದೆಲ್ಲವೂ ಕನಸು.’

ಕಡೆಯ ಪುಟವನ್ನು ಹೀಗೆ ಗಟ್ಟಿಯಾಗಿ ಓದಿ ಮುಗಿಸಿದ ದಾಸ ತಲೆಯೆತ್ತಲಿಲ್ಲ. ಎತ್ತಲು ಮುಖವಾದರೂ ಎಲ್ಲಿತ್ತು? ಎಂಬತ್ತೊಂದರ ಮಳೆಗಾಲ. ಅಘನಾಶಿನಿಯ ದೋಣಿ ಚಪ್ಪರದಲ್ಲಿ ಹರಿದ ಬಲೆ ಹೆಣೆಯುತ್ತ ಕೂತಿದ್ದ ಏಳೆಂಟು ಜನ ಒಂದು ವಾರದಿಂದ ಈ ಕಾಮಿಕ್ಸಿಗಾಗಿ ಕಾದಿದ್ದರು. ಆಕಾಶದಲ್ಲಿ ಹಾರುವ, ಹಡಗನ್ನು ಒಂದೇ ಕೈಯಲ್ಲಿ ಎತ್ತುವ ಆ ಗಂಡಸು ಹೋದ ಶುಕ್ರವಾರ ಶತ್ರುವಿನ ಬಲೆಗೆ ಸಿಕ್ಕಿ ಕಡಲ ತಳ ಸೇರಿದ್ದ. ಹೇಗೆ ಬಿಡಿಸಿಕೊಂಡು ಬಂದಾನು ಎಂದು ಬಾವಿಗೆ ನೀರಿಗೆ ಬರುವ ಹೆಂಗಸರು ಕೂಡ ತಲೆ ಕೆಡಿಸಿಕೊಂಡಿದ್ದರು. ಈಗ ನೋಡಿದರೆ ಕನಸಂತೆ. ಕನಸು ಕಾಣಲಿಕ್ಕೆ ವಜ್ರಬಾಹುವೇ ಯಾಕೆ, ತನ್ನ ಮಾವನಾದರೂ ಸಾಕಿತ್ತು ಎಂದು ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ವೆಂಕಟ ಗೊಣಗಿದ. ದಾಸ ಮಳೆಯಲ್ಲಿ ನೆನೆದುಕೊಂಡು ಕುಮಟಾ ಬಸ್‌ಸ್ಟ್ಯಾಂಡಿನಿಂದ ಪುಸ್ತಕ ತಂದದ್ದೇ ದಂಡವಾಯಿತು.

ಕತೆ ಕೆಟ್ಟರೆ ಕೆಡಲಿ, ದಾಸನ ಚಿಂತೆ ಬೇರೆ. ಬಲೆಯ ಆ ತುದಿಯಲ್ಲಿ ಕೂತಿದ್ದ ಜಟ್ಟ ದೋಣಿಯ ತಾಂಡೇಲ. ಕಡಲಿಗಿಳಿದರೆ ಅವನದೇ ಕಡೆಯ ಮಾತು. ಅವನ ಮಗಳು ದುರ್ಗಿಯನ್ನು ಕೇಳಲು ದಾಸ ತನ್ನ ಸೋದರತ್ತೆ ಹೊನ್ನಮ್ಮನನ್ನು ಕಳಿಸಿ ತಿಂಗಳಾಗಿತ್ತು. ಮಳೆಗಾಲ ಮುಗಿಯಲಿ, ಹುಡುಗನನ್ನು ಸ್ವಲ್ಪ ನೋಡುತ್ತೇನೆ ಎಂದಿದ್ದ ಜಟ್ಟ. ಅವತ್ತಿನಿಂದ ನೋಡುತ್ತಲೇ ಇದ್ದ. ಅಂಥ ಬಿಗಿ ಮನುಷ್ಯ ಕೂಡ ಮೂರು ವಾರದಿಂದ ಕತೆಗೆ ಕಿವಿಗೊಡುತ್ತಿದ್ದಾನೆ, ಇನ್ನೇನು ಕೆಲಸ ಆಯಿತು ಎಂದು ದಾಸ ಒಳಗೊಳಗೇ ಬೀಗಿದ್ದ.

ಜಟ್ಟ ಬಲೆ ಹೆಣೆಯುವ ಸೂಜಿಯನ್ನು ಕೆಳಗಿಟ್ಟು, ಅದು ಎಂಥಾ ಬಲೆ ಎಂದು ಕೇಳಿದ. ದಾಸ ಹೋದ ವಾರದ ಪುಸ್ತಕ ಬಿಡಿಸಿ ಚಿತ್ರ ತೋರಿಸಿದ. ಜಟ್ಟನಿಗೆ ಓದು ಬಾರದು. ಚಿತ್ರವನ್ನು ಮಾತ್ರ, ಬಲೆಯಲ್ಲಿ ತೂತು ಹುಡುಕುವವನ ಹಾಗೆ, ಮೂಲೆಯಿಂದ ಮೂಲೆಗೆ ನೋಡಿದ. ಸಾದಾ ಹಗ್ಗದ ಬಲೆ, ದೊಡ್ಡ ದೊಡ್ಡ ಕಣ್ಣು.

“ಇದಕ್ಕೆ ಕನಸು ಎಂತಕ್ಕೆ ಬೇಕು? ಇವನ ಚೂರಿ ಎಲ್ಲಿ?”

ಹೌದಲ್ಲ, ಯಾರಿಗೂ ಹೊಳೆದಿರಲಿಲ್ಲ. ಬಲೆಯ ಹಗ್ಗ ಕಾಲಿಗೆ ಸುತ್ತಿದರೆ ಕೊಯ್ದುಕೊಂಡು ಮೇಲೆ ಬರಬೇಕು ಎಂದು ದೋಣಿಯವರ ಸೊಂಟದಲ್ಲಿ ಯಾವಾಗಲೂ ಒಂದು ಚೂರಿ ಇರುತ್ತದೆ. ಅದಿಲ್ಲದವನನ್ನು ಜಟ್ಟ ದೋಣಿ ಹತ್ತಿಸುತ್ತಿರಲಿಲ್ಲ. ವಜ್ರಬಾಹುವಿನ ಸೊಂಟಕ್ಕೆ ಅಂಗೈ ಅಗಲದ ಬಂಗಾರದ ಪಟ್ಟಿ, ಪಟ್ಟಿಯ ನಡುವೆ ಮಿಂಚಿನ ಗುರುತು. ಚೂರಿ ಮಾತ್ರ ಇಲ್ಲ. ಇಂಥವನನ್ನು ನಂಬಿಕೊಂಡು ಲೋಕ ಉಳಿದ ಹಾಗೆಯೇ ಎಂದು ವೆಂಕಟ ಹೊಟ್ಟೆ ಹಿಡಿದುಕೊಂಡು ನಕ್ಕ. ದಾಸನೂ ನಕ್ಕ. ಅವನು ನಗಬಾರದಿತ್ತು. ಜಟ್ಟನ ಕಣ್ಣು ನಿಧಾನಕ್ಕೆ ದಾಸನ ಸೊಂಟಕ್ಕೆ ಇಳಿಯಿತು.

“ನಿಂದೆಲ್ಲಿ ದಾಸ?”

ದಾಸ ಸೊಂಟ ಮುಟ್ಟಿಕೊಂಡ. ಖಾಲಿ. ಬೆಳಿಗ್ಗೆ ಕುಮಟಾಕ್ಕೆ ಹೊರಡುವಾಗ, ಪುಸ್ತಕ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಿಕ್ಕಿಸಿಕೊಳ್ಳಲು ಜಾಗ ಬೇಕೆಂದು ಚೂರಿಯನ್ನು ತೆಗೆದು ಮನೆಯ ಗೋಡೆಗೂಡಿನಲ್ಲಿ ಇಟ್ಟಿದ್ದ. ಬಂದ ಮೇಲೆ ಕತೆಯ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಜಟ್ಟ “ಹೂಂ” ಎಂದು ಮತ್ತೆ ಸೂಜಿ ಎತ್ತಿಕೊಂಡ. ಆ ಒಂದು ಹೂಂ ದಾಸನಿಗೆ ಸಾಕಾಯಿತು. ದುರ್ಗಿ ಕೈತಪ್ಪಿ ಹೋದಳು ಎಂದೇ ಅಂದುಕೊಂಡ. ಚಾ ತಂದು, ಅಲ್ಲೇ ನಿಂತು ಇದೆಲ್ಲ ಕೇಳಿಸಿಕೊಂಡಿದ್ದ ದುರ್ಗಿ ಖಾಲಿ ಪಾತ್ರೆ ಎತ್ತಿಕೊಂಡು ಹೊರಡುವಾಗ, ಚಿತ್ರ ನೋಡಿ ಕೊಡುತ್ತೇನೆ ಎಂದು ಎರಡೂ ಪುಸ್ತಕ ಕೇಳಿ ಒಯ್ದಳು. ಅವಳ ಮುಖ ನೋಡುವ ಧೈರ್ಯವೂ ಅವನಿಗಾಗಲಿಲ್ಲ. ಮನೆಗೆ ಹೋಗಿ, ಆ ಕನಸಿನ ಕತೆ ಬರೆದವನನ್ನು ಏಳು ತಲೆಮಾರು ಸೇರಿಸಿ ಬೈದ. ಚೂರಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ, ಸ್ನಾನಕ್ಕೆ ಹೋಗುವಾಗಲೂ ಬಿಚ್ಚಲಿಲ್ಲ.

ಎರಡು ದಿನ ಬಿಟ್ಟು ಹೊನ್ನಮ್ಮ ಪುಸ್ತಕಗಳನ್ನು ತಂದು ಅವನ ಮುಂದೆ ಹಾಕಿದಳು. ಬಿಡಿಸಿದರೆ, ಪುಟಪುಟದಲ್ಲೂ ವಜ್ರಬಾಹುವಿನ ಸೊಂಟದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಪುಟ್ಟ ಚೂರಿ. ಹಾರುವಾಗಲೂ ಚೂರಿ, ಹಡಗು ಎತ್ತುವಾಗಲೂ ಚೂರಿ, ರಾಜಕುಮಾರಿಯ ಜೊತೆ ಉಣ್ಣುವಾಗಲೂ ಚೂರಿ. ದುರ್ಗಿಯದೇ ಕೆಲಸ. ದಾಸನಿಗೆ ನಗು ಬಂತು, ನಗುವಿನ ಹಿಂದೆಯೇ ಆಸೆಯೂ ಬಂತು.

“ಅವಳಪ್ಪ ಎಂತ ಹೇಳ್ದ ಅತ್ತೆ?”

ಹೊನ್ನಮ್ಮ ಬಾಯಲ್ಲಿದ್ದ ಎಲೆಯಡಿಕೆ ಕವಳದ ರಸ ನುಂಗಿಕೊಂಡು ಹೇಳಿದಳು: “ಹುಡ್ಗ ಸುಳ್ಳು ಹೇಳೂದಿಲ್ಲ, ಅದೊಂದು ಆತು ಅಂದ. ಚೂರಿ ನೆನಪು ಮಾಡೂಕೆ ಮನೇಲಿ ಒಬ್ಬಳು ಬೇಕು, ದುರ್ಗಿ ಬತ್ತಾಳೆ, ದಿನ ನೋಡು ಅಂದ. ಕಡೇ ಪುಟ ತೆಗಿ ಮಾರಾಯ. ಅದು ಅವಳು ಬರ್ದದ್ದಲ್ಲ.”

ಕಡೆಯ ಪುಟದಲ್ಲಿ ವಜ್ರಬಾಹು ಕನಸಿನಿಂದ ಎದ್ದು ಮಂಚದ ಮೇಲೆ ಕೂತಿದ್ದ. ಅವನ ಸೊಂಟದ ಚೂರಿ ಇದ್ದಿಲಿನಲ್ಲಿ ಒತ್ತಿ ಒತ್ತಿ ಬರೆದದ್ದು, ಅವನ ತೊಡೆಗಿಂತ ದಪ್ಪ. ನೀರಿಗೆ ಬಿದ್ದು ಹೋಗದ ಹಾಗೆ ಅದರ ಹಿಡಿಗೊಂದು ದಾರ ಕಟ್ಟಿ, ಬಂಗಾರದ ಪಟ್ಟಿಗೆ ಎರಡು ಗಂಟು ಹಾಕಿತ್ತು.