ಕಳ್ಳಿಗೆ ಹಚ್ಚಿದ ವಿಭೂತಿ

ಇಂದು ಬೆಳಿಗ್ಗೆ ಬಸವೇಶ್ವರನಗರದ ನನ್ನ ಮನೆಯಲ್ಲಿ ಕಳ್ಳಿಯ ತುಂಡೊಂದಕ್ಕೆ ವಿಭೂತಿ ಹಚ್ಚುವಾಗ, ಅದರ ತಣ್ಣನೆಯ ವಾಸನೆಗೆ ಆ ಮಧ್ಯಾಹ್ನ ನೆನಪಾಯಿತು.

ಅಂದು ಭಾನುವಾರ, ಅಪ್ಪನ ಸ್ನಾನ ಮುಗಿದಾಗ ಮೂರು ಗಂಟೆ. ರಾಜಾಜಿನಗರದ ಬಾಡಿಗೆ ಮನೆಯ ತಾರಸಿಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಇದ್ದೆವು. ಅಮ್ಮ ತೀರಿಕೊಂಡ ಮೇಲೆ ಅವಳ ಕಳ್ಳಿಗಳಿಗೆ ಅಪ್ಪನೇ ದಿನಾ ಸ್ನಾನವಾದ ಕೂಡಲೇ ನೀರು ಹಾಕುತ್ತಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಚೆಂಡಿನಂಥ ಕಳ್ಳಿ, ಹಸ್ತದಂಥ ಪಾಪಾಸುಕಳ್ಳಿ ಎರಡೂ ಕೊಳೆತುಹೋಗಿದ್ದವು. ಉಳಿದಿದ್ದದ್ದು ಕಂಬದಂಥ ಕಳ್ಳಿಯೊಂದೇ. ಅಪ್ಪ ಅದರ ಬುಡವನ್ನು ಒತ್ತಿದರು. ಬೆರಳು ಒಳಗೆ ಹೋಯಿತು.

“ಅಮ್ಮ ದಿನಾ ನೀರು ಹಾಕ್ತಿರ್ಲಿಲ್ಲ. ಮಣ್ಣು ಪೂರ್ತಿ ಒಣಗಿದ್ಮೇಲೆ ಹಾಕ್ತಿದ್ಲು,” ಎಂದೆ.

“ಮತ್ತೆ ದಿನಾ ಚೊಂಬು ಹಿಡ್ಕೊಂಡು ಮೇಲೆ ಬರ್ತಿದ್ಲಲ್ವೇನೇ? ಬಂದು ಏನ್ಮಾಡ್ತಿದ್ಲು?”

“ಆ ಕಲ್ಲಿನ್ಮೇಲೆ ಕೂತ್ಕೊಂಡು ಇವುಗಳ ಹತ್ರ ಮಾತಾಡ್ತಿದ್ಲು.”

“ಏನಂತ?”

“ಮನೆ ವಿಷ್ಯಾನೇ. ನಿಮ್ಗೆ ಟೈಮ್ ಇರಲ್ಲ ಅಂತ ಇವಕ್ಕೆ ಹೇಳ್ತಿದ್ಲು.”

ಅಪ್ಪ ಕಂಬದಂಥ ಕಳ್ಳಿಯ ಕೊಳೆಯದ ತುದಿಯನ್ನು ಚಾಕುವಿನಿಂದ ಕೊಯ್ದರು.

“ಕೊಯ್ದ ಜಾಗ ಕೊಳೀದಿರ್ಲಿ ಅಂತ ಅಮ್ಮ ಊರಿಂದ ತಂದ ಬೂದಿ ಹಚ್ತಿದ್ಲು,” ಎಂದೆ.

ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ತರುವುದು? ಅಪ್ಪ ಕೆಳಗೆ ಹೋಗಿ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದರು. ಹಣೆಗೆ ಧರಿಸುವಂತೆಯೇ ಮೂರು ಬೆರಳಿನಿಂದ ಕಳ್ಳಿಯ ಗಾಯಕ್ಕೆ ಹಚ್ಚಿದರು. ತುಂಡನ್ನು ಒಣಗಲೆಂದು ನೆರಳಿನಲ್ಲಿಟ್ಟರು. ಆಮೇಲೆ ಕಳ್ಳಿಗೆಂದು ತಂದಿದ್ದ ಚೊಂಬಿನ ನೀರು ಚೆಲ್ಲಿ, ಚೊಂಬನ್ನು ಬೋರಲು ಹಾಕಿ, ಅಮ್ಮ ಕೂರುತ್ತಿದ್ದ ಕಲ್ಲಿನ ಮೇಲೆ ಕೂತರು.